ಕಿವಿಯಣ್ಣನ ಹತ್ತು ಸೆಕೆಂಡು

ನಮ್ಮ ಬೀದಿಯ ಕೊನೆಯಲ್ಲಿ, ಔಷಧಿ ಅಂಗಡಿಗೂ ಬೀಗ ಹಾಕಿದ ಗೋದಾಮಿಗೂ ನಡುವೆ, ಒಂದೇ ಕೋಣೆಯಲ್ಲಿ ಎರಡು ಅಂಗಡಿಗಳಿವೆ. ಎಡಕ್ಕೆ ಹೊಲಿಗೆ, ಬಲಕ್ಕೆ ಲ್ಯಾಪ್‌ಟಾಪ್ ರಿಪೇರಿ. ನಡುವೆ ಗೋಡೆಯಿಲ್ಲ. ಉದ್ದನೆಯ ಒಂದೇ ಮೇಜು, ಅದರ ಮಧ್ಯಕ್ಕೆ ಸೀಮೆಸುಣ್ಣದ ಒಂದು ಗೆರೆ. ಗೆರೆಯ ಈಚೆ ಟೇಲರಕ್ಕ, ಆಚೆ ಅವರ ಗಂಡ. ಸಂಜೆಯ ಹೊತ್ತಿಗೆ ಗೆರೆ ಅಳಿಸಿಹೋಗಿರುತ್ತದೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಟೇಲರಕ್ಕ ಹೊಸದು ಎಳೆಯುತ್ತಾರೆ. ದಿನಕ್ಕೆ ಒಂದು ಬೆರಳಷ್ಟು ಅದು ತನ್ನ ಕಡೆಗೇ ಸರಿಯುತ್ತಿದೆ ಎಂಬುದು ಗಂಡನ ದೂರು.

ಆ ಗಂಡನಿಗೆ ಬೀದಿಯವರು ಇಟ್ಟಿರುವ ಹೆಸರು ಕಿವಿಯಣ್ಣ. ಅರವತ್ತರ ಆಸುಪಾಸು, ಹಣೆಯ ಮೇಲೆ ಏರಿಸಿಕೊಂಡ ಕನ್ನಡಕ, ತೋಳಿಗೆ ಯಾವಾಗಲೂ ಅಂಟಿಕೊಂಡಿರುವ ಹೆಂಡತಿಯ ಕಡೆಯ ದಾರದ ತುಣುಕುಗಳು. ಯಾವ ಯಂತ್ರ ಕೊಟ್ಟರೂ ಮೊದಲು ಅದರ ಮೇಲೆ ಕಿವಿ ಇಡುತ್ತಾರೆ. ಇದು ಹೊಲಿಗೆ ಯಂತ್ರ ಕಲಿಸಿದ ಅಭ್ಯಾಸ. ಹರೆಯದಲ್ಲಿ ಅವರು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಟೇಲರಕ್ಕನ ಯಂತ್ರ ಹಾಗೆಯೇ ನೋಡಲು ಬಂದದ್ದು. "ಮೂರು ಸಲ ನಿಜವಾಗ್ಲೂ ಕೆಟ್ಟಿತ್ತು ಕಣಮ್ಮ. ನಾಲ್ಕನೇ ಸಲ ಕರೀದೇನೇ ಬಂದ್ರು. ಏನೂ ಕೆಟ್ಟಿಲ್ಲ ಅಂದೆ. ಕೇಳಿ ನೋಡ್ತೀನಿ ಅಂತ ಕೂತವರು, ಇನ್ನೂ ಎದ್ದಿಲ್ಲ," ಎಂದು ಟೇಲರಕ್ಕ ಎಲ್ಲರಿಗೂ ಹೇಳುತ್ತಾರೆ. ಆಮೇಲೆ ಟೈಪ್‌ರೈಟರ್ ಬಂತು, ಹೋಯಿತು. ಕಂಪ್ಯೂಟರ್ ಬಂತು. ಅದನ್ನು ಅವರು ನಲವತ್ತು ದಾಟಿದ ಮೇಲೆ ಕಲಿತರು, ಪುಸ್ತಕ ಇಟ್ಟುಕೊಂಡು, ಒಂದೊಂದೇ ಸಾಲು ಬಾಯಿಬಿಟ್ಟು ಓದುತ್ತಾ.

ನಾನು ಅವರ ಬಳಿ ಹೋದದ್ದು ಒಂದು ಬುಧವಾರ ಬೆಳಿಗ್ಗೆ, ಶಟರ್ ಅರ್ಧ ಎತ್ತಿರುವಾಗಲೇ. ಒಂದು ತೋಳಿನಲ್ಲಿ ಮಗಳು, ಇನ್ನೊಂದರಲ್ಲಿ ಸತ್ತು ಬಿದ್ದ ಲ್ಯಾಪ್‌ಟಾಪ್.

ಮಗಳಿಗೆ ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಇನ್ನೂ ಒಂದು ಮಾತೂ ಆಡಿರಲಿಲ್ಲ. ಎದುರುಮನೆಯ ಹುಡುಗಿ ಅದೇ ವಯಸ್ಸಿಗೆ ಪದ್ಯ ಹೇಳುತ್ತಿದ್ದಳು. ಅತ್ತೆ ಫೋನ್ ಮಾಡಿದಾಗಲೆಲ್ಲ "ಏನಾದ್ರೂ ಅಂದ್ಲಾ?" ಎಂದು ಕೇಳುತ್ತಿದ್ದರು, ನಾನು ಫೋನ್ ಇಟ್ಟ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಾತಿನ ತೊಂದರೆ ನೋಡುವ ಡಾಕ್ಟರು ಎರಡು ತಿಂಗಳ ನಂತರದ ದಿನ ಕೊಟ್ಟಿದ್ದರು, ಅಲ್ಲಿಯವರೆಗೆ ಮಗು ಮಾಡುವ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡಿ ತರಲು ಹೇಳಿದ್ದರು. ನಾನು ಒಂದು ದಿನವೂ ಬಿಟ್ಟಿರಲಿಲ್ಲ. ಆ ಬುಧವಾರ ಸಂಜೆ ನಾಲ್ಕಕ್ಕೆ ಡಾಕ್ಟರನ್ನು ಕಾಣಬೇಕಿತ್ತು. ಅಷ್ಟೂ ರೆಕಾರ್ಡಿಂಗ್ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ.

ಆ ಲ್ಯಾಪ್‌ಟಾಪೂ ಕಿವಿಯಣ್ಣನ ಮೇಜಿನ ಹಾಗೆಯೇ, ಎರಡು ಪಾಲಿನದು. ನನ್ನ ಕಡೆ ವಿಂಡೋಸ್, ನನ್ನ ಗಂಡನ ಕಡೆ ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ. ಅವರದು ಸುರಂಗ ಕೊರೆಯುವಲ್ಲಿ ಅಳತೆಯ ಕೆಲಸ. ಆ ಲೆಕ್ಕದ ಪ್ರೋಗ್ರಾಮು ಅವರ ಕಡೆ ಮಾತ್ರ ಓಡುತ್ತದೆ. ಆನ್ ಮಾಡಿದಾಗ ಯಾವ ಕಡೆ ಹೋಗಬೇಕು ಎಂದು ಒಂದು ಪಟ್ಟಿ ಬರುತ್ತದೆ, ಅದರ ಕೆಳಗೆ ಸೆಕೆಂಡುಗಳು ಒಂದೊಂದೇ ಇಳಿಯುತ್ತವೆ, ಅಷ್ಟರೊಳಗೆ ಆರಿಸಿಕೊಳ್ಳಬೇಕು. ಫೋನಿನಲ್ಲಿ ಜಾಗ ಸಾಲದೆ ರೆಕಾರ್ಡಿಂಗ್‌ಗಳನ್ನು ಅವರು ವಾರವಾರವೂ ತಮ್ಮ ಕಡೆಗೆ ಹಾಕಿ, ಫೋನಿನಿಂದ ಅಳಿಸುತ್ತಿದ್ದರು. ಈಗ ಅವರು ಸುರಂಗದೊಳಗೆ. ಸಿಗ್ನಲ್ ಇಲ್ಲ.

ಕಿವಿಯಣ್ಣ ಲ್ಯಾಪ್‌ಟಾಪ್ ತೆಗೆದುಕೊಂಡು ಮುಚ್ಚಳದ ಮೇಲೆ ಕಿವಿ ಇಟ್ಟರು. ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಶುರುಮಾಡಲು ಏನೂ ಸಿಗಲಿಲ್ಲ ಎಂಬರ್ಥದ ಒಂದು ಬಿಳಿ ಸಾಲು ಬಂತು. ಅವರು ಅದನ್ನು ಪಕ್ಕಕ್ಕಿಟ್ಟು ಉದ್ದನೆಯ ನೋಟ್‌ಬುಕ್ ಬಿಚ್ಚಿದರು.

"ಕೊನೆಗೆ ಏನು ಮಾಡಿದ್ರಿ, ಹೇಳಿ."

"ಏನೂ ಮಾಡಿಲ್ಲ. ತಾನಾಗೇ ಹೀಗಾಯ್ತು."

ಅವರು ಬರೆಯಲಿಲ್ಲ. ನೋಟ್‌ಬುಕ್ಕಿನ ಹಳೆಯ ಹಾಳೆಗಳನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಪ್ರತಿ ಯಂತ್ರಕ್ಕೂ ಒಂದು ಸಾಲು, ಸಾಲಿನ ತಲೆಯಲ್ಲಿ 'ಕೊನೆಗೆ ಮಾಡಿದ್ದು' ಎಂಬ ಒಂದು ಕಾಲಂ. "ಇದು ತುಂಬದೆ ನಾನು ಸ್ಕ್ರೂಡ್ರೈವರ್ ಮುಟ್ಟಲ್ಲಮ್ಮ. ಬೇಜಾರು ಮಾಡ್ಕೋಬೇಡಿ. ಗೊತ್ತಿಲ್ದೆ ಕೈ ಹಾಕಿದ್ರೆ ಇರೋದೂ ಹೋಗುತ್ತೆ."

ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದಲೇ ಯಂತ್ರ ಎಬ್ಬಿಸಿದರು. ಅವರ ಪೆನ್‌ಡ್ರೈವ್‌ಗಳಿಗೆಲ್ಲ ಟೇಲರಕ್ಕ ಹೊಲಿದುಕೊಟ್ಟ ಪುಟಾಣಿ ಚೀಲಗಳಿವೆ, ನೀಲಿ ಬಟ್ಟೆಯದು ಒಂದು ಬಗೆ, ಕಂದು ಬಟ್ಟೆಯದು ಇನ್ನೊಂದು. ಪರದೆಯ ಮೇಲೆ ಡಿಸ್ಕಿನ ಚಿತ್ರ ಬಂತು, ಉದ್ದನೆಯ ಪಟ್ಟಿಯ ಹಾಗೆ. ಎರಡು ದೊಡ್ಡ ತುಂಡು, ಆರಂಭದಲ್ಲಿ ಒಂದು ಚಿಕ್ಕ ಖಾಲಿ ಜಾಗ.

ಟೇಲರಕ್ಕ ಗೆರೆಯಾಚೆಗೆ ಬಗ್ಗಿ ನೋಡಿದರು. "ಇದು ಹರಿದಿದ್ದಲ್ಲ ರೀ. ಕತ್ತರಿಸಿದ್ದು."

"ನಿನ್ನ ಕಡೆ ನೋಡ್ಕೋ ಮಾರಾಯ್ತಿ."

"ನಲವತ್ತು ವರ್ಷದಿಂದ ಬಟ್ಟೆ ನೋಡ್ತಿದೀನಿ. ಅಂಚು ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ನನ್ನ ಕಿವಿ ಬಿಸಿಯಾಯಿತು. ಮಗಳು ಅಷ್ಟರಲ್ಲಿ ಗುಂಡಿಗಳ ಡಬ್ಬಿಗೆ ಕೈಹಾಕಿದ್ದಳು. "ನುಂಗಿಬಿಡ್ತಾಳೆ!" ಎಂದು ನಾನು ಚೀರಿದೆ. ಟೇಲರಕ್ಕ ಸದ್ದಿಲ್ಲದೆ ಕೋಟಿನ ದೊಡ್ಡ ಗುಂಡಿಗಳನ್ನು ಆರಿಸಿ, ದಪ್ಪ ದಾರಕ್ಕೆ ಪೋಣಿಸಿ, ಗಂಟು ಹಾಕಿ ಅವಳ ಮುಂದೆ ಇಟ್ಟರು. ನಾನು ದಾರ ಎಳೆದೆಳೆದು ನೋಡಿದೆ. ಗಂಟು ಗಟ್ಟಿಯಾಗಿತ್ತು. ಆದರೂ ಇನ್ನೊಮ್ಮೆ ಎಳೆದೆ.

ಕಿವಿಯಣ್ಣ ಮಾತ್ರ ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಬೈಯಲಿಲ್ಲ, ಇನ್ನೊಮ್ಮೆ ಕೇಳಲಿಲ್ಲ, ಮುಖವನ್ನೂ ದಿಟ್ಟಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ಹೊಲಿಗೆ ಯಂತ್ರ ನಿಂತಿತ್ತು. ಆ ಸುಮ್ಮನಿರುವಿಕೆಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ನಾನೇ ಅಳಿಸಿದೆ," ಎಂದೆ. ಆಮೇಲೆ ಎಲ್ಲ ಹೊರಬಿತ್ತು. ಹಿಂದಿನ ದಿನ ಮಧ್ಯಾಹ್ನ ಮಗಳು ಮಲಗಿದ್ದಾಗ, ಡಿಸ್ಕಿನಲ್ಲಿ ಜಾಗ ಸಾಲದೆಂದು ತುಂಡುಗಳ ಪಟ್ಟಿ ತೆಗೆದು ನೋಡಿದ್ದೆ. ಮೊದಲ ತುಂಡಿಗೆ ಹೆಸರಿಲ್ಲ, ಅಕ್ಷರವಿಲ್ಲ, ಒಳಗೆ ತೆರೆದು ನೋಡಲೂ ಆಗದು. ಕಸವೆಂದುಕೊಂಡೆ. ಯಂತ್ರ ಅಳಿಸಲು ಬಿಡಲಿಲ್ಲ. ಯಾವುದೋ ವಿಡಿಯೊ ನೋಡಿಕೊಂಡು, ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಿ, ಹಟದಿಂದ ಅಳಿಸಿದೆ. ಬೇಡವೆನ್ನುತ್ತಿದ್ದ ಯಂತ್ರದ ಬಾಯಿ ಮುಚ್ಚಿಸಿ ಅಳಿಸಿದೆ ಎನ್ನುವುದೇ ಸರಿ.

"ಆಮೇಲೆ ಅಲ್ಲಿ ಹೊಸದೇನಾದ್ರೂ ಹಾಕಿದ್ರಾ?"

"ಇಲ್ಲ. ಆಫ್ ಮಾಡಿ ಆನ್ ಮಾಡಿದೆ, ಅಷ್ಟೇ. ಗಾಬರಿ ಆಯ್ತು."

"ಗಾಬರಿ ಆಗಿದ್ದೇ ಒಳ್ಳೇದಾಯ್ತು," ಎಂದು ಅವರು ಕಾಲಮಿನಲ್ಲಿ ಬರೆದರು. "ಬಟ್ಟೆ ಎರಡೂ ಹಾಗೇ ಇದೆ ಕಣಮ್ಮ. ನೀವು ಕತ್ತರಿಸಿ ಹಾಕಿದ್ದು ಅಳತೆ ಚೀಟಿ. ಯಾವ ಕಡೆ ಎಲ್ಲಿಂದ ಶುರು ಅನ್ನೋದು ಅದರಲ್ಲಿತ್ತು. ಹೊಸ ಚೀಟಿ ಬರೀಬೇಕು."

"ನಾಲ್ಕು ಗಂಟೆ ಒಳಗೆ?"

"ಈಗ ಹತ್ತೂಕಾಲು. ಕೂತ್ಕೊಳ್ಳಿ."

ನಾನು ಕೂರಲಿಲ್ಲ. ಬಾಗಿಲಿಗೂ ಮೇಜಿಗೂ ಓಡಾಡಿದೆ. ಟೇಲರಕ್ಕ ಕೊನೆಗೆ, "ಅಮ್ಮಣ್ಣಿ, ನೆಲ ಸವೆದ್ರೆ ರಿಪೇರಿ ಇವರ ಕೈಲಾಗಲ್ಲ," ಎಂದು ಒಂದು ಸ್ಟೂಲು ನೂಕಿದರು.

ಅವರು ಕೆಲಸ ಮಾಡುವ ರೀತಿ ನೋಡುವುದು ಒಂದು ಶಿಕ್ಷೆ. ಒಂದು ಸಾಲು ಟೈಪ್ ಮಾಡುತ್ತಾರೆ. ಬಾಯಿಬಿಟ್ಟು ಓದುತ್ತಾರೆ. ಎಂಟರ್ ಒತ್ತುವ ಮೊದಲು ಮತ್ತೆ ಓದುತ್ತಾರೆ. ಅದೇ ಖಾಲಿ ಜಾಗದಲ್ಲಿ ಅಷ್ಟೇ ಅಳತೆಯ ಹೊಸ ತುಂಡು ಮಾಡಿದರು. ಕಂದು ಚೀಲದ ಪೆನ್‌ಡ್ರೈವ್ ಹಾಕಿ ಮೊದಲು ನನ್ನ ಕಡೆಯ ಚೀಟಿ ಬರೆದರು, ಆಮೇಲೆ ನೀಲಿ ಚೀಲದ್ದು ಹಾಕಿ ನನ್ನ ಗಂಡನ ಕಡೆಯದು.

"ಯಾಕೆ ಹಾಗೆ? ಮೊದಲು ಅವರದ್ದು ಮಾಡಿ. ನಂಗೆ ಬೇಕಾಗಿರೋದು ಅವರ ಕಡೆದೇ."

"ಅವರದ್ದು ಮೊದಲು ಮಾಡಿದ್ರೆ ನಿಮ್ಮದು ಆಮೇಲೆ ಬಂದು ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ. ಅವರನ್ನ ಒಳಗೆ ಬಿಡಲ್ಲ."

"ಗೊತ್ತು ಬಿಡಿ ಆ ಜಾತಿ," ಎಂದರು ಟೇಲರಕ್ಕ, ಸೂಜಿಗೆ ದಾರ ಪೋಣಿಸುತ್ತಾ. ಯಾರನ್ನು ಅಂದದ್ದೋ ತಿಳಿಯಲಿಲ್ಲ. ನನ್ನನ್ನೇ ಇರಬೇಕು.

ಒಂದು ಗಂಟೆಗೆ ಪಟ್ಟಿ ಕಾಣಿಸಿತು! ಎರಡು ಹೆಸರು, ಒಂದರ ಕೆಳಗೊಂದು. ನಾನು ಅವರ ಕೈ ತಳ್ಳಿ ಗಂಡನ ಕಡೆಯದನ್ನು ಒತ್ತಿದೆ. ಪರದೆ ಕಪ್ಪಾಯಿತು. ಹಾಗೆಯೇ ಉಳಿಯಿತು. ಒಂದೂವರೆ ನಿಮಿಷ ಕಾದ ಮೇಲೆ ಇಂಗ್ಲಿಷಿನಲ್ಲಿ ಸಾಲುಸಾಲು ದೂರು ಬಂದು ನಿಂತಿತು. ಹೋಯಿತು, ಎಲ್ಲ ಹೋಯಿತು, ಮಗಳ ಎರಡು ತಿಂಗಳ ಸದ್ದನ್ನು ನಾನೇ ಕೊಂದೆ ಎಂದು ಅಳುವುದಕ್ಕೇ ಶುರುಮಾಡಿದೆ.

ಕಿವಿಯಣ್ಣ ಲ್ಯಾಪ್‌ಟಾಪಿಗೆ ಕಿವಿ ಇಟ್ಟರು. "ಅಳಬೇಡಿ, ಇದು ಸತ್ತಿಲ್ಲ. ಹುಡುಕ್ತಾ ಇದೆ. ಹಳೇ ಚೀಟಿಯ ನಂಬರ್ ಇದಕ್ಕೆ ಬಾಯಿಪಾಠ. ಹೊಸದರ ನಂಬರ್ ಬೇರೆ. ಅದು ಸಿಗದೆ ಮುಂದೆ ಹೋಗಲ್ಲ ಅಂತ ಹಟ." ಒಂದು ಫೈಲು ತೆರೆದು, ಒಂದೇ ಸಾಲಿನಲ್ಲಿ ಹಳೆಯ ನಂಬರ್ ತೆಗೆದು ಹೊಸದನ್ನು ಬರೆದರು. ಒಂದೊಂದೇ ಅಕ್ಷರ ಓದಿದರು. ಮತ್ತೆ ಓದಿದರು. ಈ ಸಲ ಅವರೇ ಒತ್ತಿದರು.

ನನ್ನ ಗಂಡನ ಪರದೆಯ ಮೇಲಿನ ಚಿತ್ರ ಬಂತು: ಮಗಳು, ತಲೆಗೆ ಪಾತ್ರೆ ಬೋರಲು ಹಾಕಿಕೊಂಡು.

ಅಷ್ಟಕ್ಕೇ ಎತ್ತಿಕೊಂಡು ಓಡಬೇಕೆಂದಿದ್ದೆ. ಅವರು ಬಿಡಲಿಲ್ಲ. ಎರಡೂ ಕಡೆ ಮೂರು ಮೂರು ಫೈಲು ತೆರೆದು ತೋರಿಸದೆ ಯಂತ್ರ ವಾಪಸು ಕೊಡುವುದು ಅವರ ಪದ್ಧತಿಯಲ್ಲವಂತೆ. ನಾನು ಒಂದು ರೆಕಾರ್ಡಿಂಗ್ ಹಾಕಿದೆ. ಅವರು ಸ್ಪೀಕರಿನ ಬಳಿ ಕಿವಿ ತಂದರು.

"ಪುಟ್ಟಿ, ಇದೇನು? ಚೆಂಡು. ಚೆಂ-ಡು. ಹೇಳು. ಇದೇನು? ಬೆಕ್ಕು. ಹೇಳು ಬಂಗಾರ, ಬೆಕ್ಕು. ಇದು? ಚಮಚ."

ಎರಡನೆಯದನ್ನು ಹಾಕಿದೆ. ಮೂರನೆಯದನ್ನೂ. ಕಿವಿಯಣ್ಣ ತಲೆ ಎತ್ತಿ ತುಂಬ ಸಂಕೋಚದಿಂದ ಕೇಳಿದರು: "ಮಗು ಎಲ್ಲಮ್ಮ?"

"ಇದ್ದಾಳಲ್ಲ. ಎದುರಿಗೇ ಕೂತಿದ್ಲು."

ಅವರು ಮೊದಲನೆಯದನ್ನು ಹಿಂದಕ್ಕೆ ಎಳೆದು, ಸದ್ದು ಏರಿಸಿ, ಮತ್ತೆ ಹಾಕಿದರು. "ಇದೇನು" ಎಂಬುದಕ್ಕೂ "ಚೆಂಡು" ಎಂಬುದಕ್ಕೂ ನಡುವೆ ಬೆರಳು ಎತ್ತಿದರು. "ಕೇಳಿ. ಉಸಿರು ತಗೊಂಡಿದೆ. ಏನೋ ಅನ್ನೋಕೆ ಹೊರಟಿದೆ. ಅಷ್ಟರಲ್ಲಿ ನೀವೇ ಅಂದುಬಿಟ್ರಿ." ಎರಡನೆಯದರಲ್ಲೂ ಇತ್ತು ಆ ಉಸಿರು. ಮೂರನೆಯದರಲ್ಲೂ.

"ಸಾಕು ರೀ, ಡಾಕ್ಟರ್ ಬೋರ್ಡ್ ಬೇರೆ ಹಾಕ್ಬಿಡಿ ಈ ಕಡೆ," ಎಂದು ಟೇಲರಕ್ಕ ಗದರಿದರು. ಅವರು ತಕ್ಷಣ ಕನ್ನಡಕ ಕೆಳಗಿಳಿಸಿಕೊಂಡು, "ಮಾತಿನ ವಿಷಯ ನಂಗೇನು ಗೊತ್ತು ತಾಯಿ. ಸದ್ದು ಕೇಳಿಸ್ತು, ಹೇಳಿದೆ. ಡಾಕ್ಟರನ್ನೇ ಕೇಳಿ," ಎಂದರು.

ನನಗೆ ಸಿಟ್ಟು ಬಂದಿತ್ತು. ಎರಡು ವರ್ಷದಿಂದ ನಿದ್ದೆ ಬಿಟ್ಟವಳು ನಾನು, ಇವರು ಯಾರು? ಆದರೆ ಬೆಳಿಗ್ಗೆ ನಾನು ಬಾಯಿ ಬಿಟ್ಟದ್ದು ಅವರು ಕೇಳಿದ್ದಕ್ಕಲ್ಲ, ಕೇಳಿ ಸುಮ್ಮನೆ ಕೂತದ್ದಕ್ಕೆ. ಅದೂ ನೆನಪಿತ್ತು.

ಕೊನೆಗೆ ಪಟ್ಟಿಯ ವಿಷಯ ಕೇಳಿದರು. "ಆನ್ ಮಾಡಿದಾಗ ಎಷ್ಟು ಸೆಕೆಂಡ್ ಕಾಯಬೇಕು ಇದು? ನಿಮ್ಮವರು ಮೂರು ಇಟ್ಟಿದ್ರು."

"ಹತ್ತು ಇಡಿ," ಎಂದೆ.

ಡಾಕ್ಟರು ಆರು ರೆಕಾರ್ಡಿಂಗ್ ಕೇಳಿದರು. ಮಗಳ ಕಿವಿ ನೋಡಿದರು, ಆಟಿಕೆ ಕೊಟ್ಟು ನೋಡಿದರು. ನೀವು ಕಾಯದ್ದರಿಂದಲೇ ಎಂದು ಹೇಳಲಾಗದು, ಮಕ್ಕಳು ತಡವಾಗಿ ಮಾತಾಡುವುದಕ್ಕೆ ಕಾರಣ ಹಲವು, ಪರೀಕ್ಷೆಗಳು ಇವೆ, ಆದರೆ ಮುಂದಿನ ತಿಂಗಳ ರೆಕಾರ್ಡಿಂಗಿನಲ್ಲಿ ನಿಮ್ಮ ದನಿ ಕಡಿಮೆ ಇರಲಿ ಎಂದರು. ಕಿವಿಯಣ್ಣನ ಬಗ್ಗೆ ನಾನು ಅವರಿಗೆ ಹೇಳಲಿಲ್ಲ.

'ಇದೇನು' ಎಂದು ಕೇಳಿ ಕಾಯುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆಮೇಲೆ. ನಾಲ್ಕು ಸೆಕೆಂಡಿಗೆ ನನ್ನ ನಾಲಿಗೆ ತುರಿಸುತ್ತದೆ. ತುಟಿ ಕಚ್ಚಿಕೊಂಡು ಲ್ಯಾಪ್‌ಟಾಪಿನ ಆ ಪಟ್ಟಿಯ ಹಾಗೆ ಹತ್ತರಿಂದ ಕೆಳಗೆ ಎಣಿಸುತ್ತೇನೆ. ಎಷ್ಟೋ ದಿನ ಸೊನ್ನೆಗೆ ಬಂದರೂ ಏನೂ ಇಲ್ಲ. ಮತ್ತೆ ಕೇಳುತ್ತೇನೆ, ಮತ್ತೆ ಎಣಿಸುತ್ತೇನೆ.

ಇಪ್ಪತ್ತೆರಡನೆಯ ದಿನ ಒಂದು ರೆಕಾರ್ಡಿಂಗ್ ಹಿಡಿದು ಅಂಗಡಿಗೆ ಓಡಿದೆ, ಡಾಕ್ಟರಿಗಿಂತ ಮೊದಲು, ಸುರಂಗದಲ್ಲಿರುವ ಗಂಡನಿಗಿಂತಲೂ ಮೊದಲು. ಕಿವಿಯಣ್ಣ ಫೋನಿಗೆ ಕಿವಿ ಇಟ್ಟರು. ಟೇಲರಕ್ಕ ಪೆಡಲಿನಿಂದ ಕಾಲು ತೆಗೆದರು. "ಇದೇನು ಪುಟ್ಟಿ?" ಎನ್ನುವ ನನ್ನ ದನಿ. ಆಮೇಲೆ ಫ್ಯಾನಿನ ಸದ್ದು, ಬೀದಿಯಲ್ಲಿ ಒಂದು ಸ್ಕೂಟರು, ಉಸಿರು, ಇನ್ನೊಂದು ಉಸಿರು. ಆಮೇಲೆ ಚಿಕ್ಕದಾಗಿ, ಒರಟಾಗಿ, "ಗುಂ."

"ಗುಂಡಿ!" ಎಂದರು ಟೇಲರಕ್ಕ. "ನನ್ನ ಗುಂಡಿನೇ ಅಂದಿದ್ದು. ನಿಮ್ಮ ಕಡೇದು ಒಂದಾದ್ರೂ ಅಂತಾ ಮಗು?"

ಕಿವಿಯಣ್ಣ ಮತ್ತೊಮ್ಮೆ ಹಾಕಿಸಿದರು. ಮೂರನೆಯ ಸಲವೂ ಹಾಕಿಸಿದರು. ಕಣ್ಣು ಮುಚ್ಚಿ ಕೇಳುತ್ತಿದ್ದರು, ಕರೆಯದೇ ಟೇಲರಕ್ಕನ ಯಂತ್ರದ ಮುಂದೆ ಹೋಗಿ ಕೂತ ಆ ದಿನವೂ ಹೀಗೆಯೇ ಕೇಳಿರಬೇಕು. ಮಗಳು ಮೇಜಿನ ಕೆಳಗೆ, ಸೀಮೆಸುಣ್ಣದ ಗೆರೆಯ ನೇರ ಅಡಿಯಲ್ಲಿ ಕೂತು ಗುಂಡಿಸರವನ್ನು ನೆಲಕ್ಕೆ ಬಡಿಯುತ್ತಿದ್ದಳು. ನಾನು ಬಗ್ಗಿ ಗಂಟು ಎಳೆದು ನೋಡಿದೆ. ಗಟ್ಟಿಯಾಗಿಯೇ ಇತ್ತು.