ಗೆಲ್ಲುವವರನ್ನು ಬಲ್ಲ ವರ್ಲಿನ್

ನಮ್ಮ ಮಿಸೌರಿಯ ಈ ಊರಿನ ಕಾಫಿ ಅಂಗಡಿಯಲ್ಲಿ ವರ್ಲಿನ್ ಸ್ಟಕಿ ಬಾಯಿ ತೆರೆದರೆ ನೂರು ವರ್ಷದ ಚುನಾವಣೆಗಳು ಹೊರಬೀಳುತ್ತವೆ. "ನಾವು ಮಿಸೌರಿ ರಾಜ್ಯದವರು ಯಾರಿಗೆ ವೋಟು ಹಾಕ್ತೀವೋ ಅವನೇ ಅಮೆರಿಕದ ಅಧ್ಯಕ್ಷ ಕಣಯ್ಯಾ! ಸಾವಿರದ ಒಂಬೈನೂರ ನಾಲ್ಕರಿಂದ ಎರಡು ಸಾವಿರದ ನಾಲ್ಕರವರೆಗೆ ನಾವು ತಪ್ಪಿದ್ದು ಒಂದೇ ಸಲ," ಎನ್ನುತ್ತಾನೆ, ಆ ಅಧ್ಯಕ್ಷರನ್ನೆಲ್ಲ ತಾನೇ ಹೆತ್ತವನಂತೆ. ಮೀಸೆಗಂಟಿದ ಗ್ರೇವಿ ಒರೆಸಿಕೊಳ್ಳಲೂ ಅವನಿಗೆ ಬಿಡುವಿಲ್ಲ. ಎರಡು ಸಾವಿರದ ಎಂಟರಲ್ಲಿ ನಮ್ಮ ರಾಜ್ಯ ಸೋತವನ ಕೈ ಹಿಡಿದಾಗ, "ತಪ್ಪಿದ್ದು ದೇಶ, ನಾವಲ್ಲ," ಎಂದ. ಆಮೇಲೆ ಪತ್ರಿಕೆಯವರು ಯಾರು ಗೆಲ್ಲುತ್ತಾರೆಂದು ಅವನನ್ನು ಕೇಳಲು ಬರುವುದನ್ನೇ ಬಿಟ್ಟರು. ಆದರೂ ಪ್ರತಿ ಚುನಾವಣೆಗೆ ಇಸ್ತ್ರಿ ಅಂಗಿ ತೊಟ್ಟು ಕಿಟಕಿ ಪಕ್ಕ ಕೂರುತ್ತಾನೆ, ನಾವು ಮುಸಿಮುಸಿ ನಗುತ್ತೇವೆ. ಕಾಫಿ ತರುವ ಒಪಾಲ್ ಮೊನ್ನೆ ಕೆಣಕಿದಳು: "ಅದಿರ್ಲಿ ವರ್ಲಿನ್, ನೀವು ಮೊದಲು ವೋಟು ಹಾಕಿದ್ದು ಯಾರಿಗೆ?" "ಅರವತ್ನಾಲ್ಕರಲ್ಲಿ ಗೆದ್ದವನಿಗೆ. ನಮ್ಮ ಹುಡುಗರನ್ನ ಯುದ್ಧಕ್ಕೆ ಕಳಿಸಲ್ಲ ಅಂದಿದ್ದ." "ಮತ್ತೇನು, ಸರಿಯಾಗೇ ಆರಿಸಿದ್ರಲ್ಲ!" ವರ್ಲಿನ್ ಚಮಚ ಕೆಳಗಿಟ್ಟ. "ಎರಡೇ ವರ್ಷಕ್ಕೆ ನನ್ನ ತಮ್ಮನನ್ನ ವಿಯೆಟ್ನಾಮಿಗೆ ಕಳಿಸಿದ. ಅವನು ಪೆಟ್ಟಿಗೆಯಲ್ಲಿ ವಾಪಸ್ ಬಂದ. ಆಮೇಲೆ ನಾನು ಯಾರಿಗೂ ವೋಟು ಹಾಕಿಲ್ಲ ಕಣಮ್ಮ."