ರೇಷ್ಮೆ ಸೊಪ್ಪು ಹೊತ್ತ ಅಮೆರಿಕನ್ ಕಾರು

ಚರಚರ, ಚರಚರ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಹೊಡೆಯಲು ಬಂದವರು ಉಪ್ಪುಕಾಗದ ಹಿಡಿದು ತುಕ್ಕು ಉಜ್ಜುತ್ತಿದ್ದರು. ಮಧ್ಯಾಹ್ನದ ಜೊಂಪಿನಲ್ಲಿದ್ದ ನನಗೆ ಒಂದು ಕ್ಷಣ ಎಲ್ಲಿ ಮಲಗಿದ್ದೇನೆ ಎಂಬುದೇ ತಿಳಿಯಲಿಲ್ಲ. ನಾನು ಬೆಳೆದ ಮನೆಯಲ್ಲಿ ಈ ಸದ್ದು ಒಂಟಿಯಾಗಿ ಬರುತ್ತಿರಲಿಲ್ಲ, ಜೋಡಿಯಾಗಿ ಬರುತ್ತಿತ್ತು. ಅಂಗಳದ ಈ ಬದಿಗೆ ಹುಳು ಮನೆ, ಅಲ್ಲಿ ಬಿದಿರಿನ ತಟ್ಟೆಗಳ ಮೇಲೆ ಸಾವಿರಾರು ರೇಷ್ಮೆ ಹುಳುಗಳು ಸೊಪ್ಪು ಮೇಯುವ ಚರಚರ. ಆ ಬದಿಗೆ ಹಳೆಯ ದನದ ಕೊಟ್ಟಿಗೆ, ಅಲ್ಲಿ ನನ್ನ ಚಿಕ್ಕಪ್ಪ ಮುನಿರಾಜ ಒಂದು ಅಮೆರಿಕನ್ ಕಾರಿನ ತುಕ್ಕು ಉಜ್ಜುವ ಚರಚರ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ ನನಗೆ ಯಾವುದು ಹುಳು, ಯಾವುದು ಚಿಕ್ಕಪ್ಪ ಎಂದು ಬೇರೆ ಮಾಡಿ ಕೇಳಲು ಆಗುತ್ತಲೇ ಇರಲಿಲ್ಲ. ಇಬ್ಬರೂ ಒಂದೇ ಸಮನೆ ಏನನ್ನೋ ತಿನ್ನುತ್ತಿದ್ದಾರೆ ಅನ್ನಿಸುತ್ತಿತ್ತು.

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಬಂಡೆಯ ಹತ್ತಿರ ತಿರುಗಿದರೆ ನಮ್ಮ ಮನೆ, ಅದರ ಹಿಂದೆ ಎರಡು ಎಕರೆ ರೇಷ್ಮೆ ತೋಟ. ತೋಟ ಅಪ್ಪ ನೋಡಿಕೊಳ್ಳುತ್ತಿದ್ದರು, ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು, ಮಿಕ್ಕಿದ್ದೆಲ್ಲ ಅಪ್ಪನ ತಾಯಿ, ನಮ್ಮ ಅಜ್ಜಿ. ಆಕೆ ಮನೆಯನ್ನು ಆಳುತ್ತಿದ್ದುದು ಮೂಗಿನಿಂದ. ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗದು. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ನಮ್ಮಲ್ಲಿ ಮೆಣಸಿನಕಾಯಿ ಒಗ್ಗರಣೆ ಇಲ್ಲ, ಅಂಗಳದಲ್ಲಿ ಬೀಡಿ ಇಲ್ಲ. ಹೊಸೂರಿನ ಕಾನ್ವೆಂಟಿನ ಹಾಸ್ಟೆಲಿನಿಂದ ಶುಕ್ರವಾರ ಸಂಜೆ ನಾನು ಬಂದರೆ ಅಜ್ಜಿ ಬಾಗಿಲಲ್ಲೇ ಕತ್ತಿನ ಹತ್ತಿರ ಮೂಗು ತಂದು, "ಪೌಡ್ರು! ಹೋಗಿ ತೊಳ್ಕೊಂಡ್ ಬಾ ಹೋಗು" ಅನ್ನುವಳು. ಹುಳು ಮನೆಯ ಒಳಗೆ ಇದ್ದುದು ಒಂದೇ ವಾಸನೆ: ಆಗ ತಾನೇ ಕೊಯ್ದ ಎಲೆಯದು, ತಣ್ಣನೆಯದು, ಸ್ವಲ್ಪ ಹಾಲಿನ ಹಾಗಿನದು. ಆ ಸ್ಮೆಲ್ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ.

ಇಂಥ ಮನೆಗೆ ಚಿಕ್ಕಪ್ಪ ಕಾರು ತಂದ. ಅವನು ನನಗಿಂತ ಹನ್ನೆರಡೇ ವರ್ಷ ದೊಡ್ಡವನು, ಹಾಗಾಗಿ ಬಹುವಚನ ನನ್ನ ಬಾಯಿಗೆ ಯಾವತ್ತೂ ಬರಲಿಲ್ಲ. ಎಪ್ಪತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಹೊಸೂರಿನ ಸುತ್ತ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು, ಅವನು ಅಂಥದ್ದೊಂದರಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಕಾರು ಕೃಷ್ಣಗಿರಿಯ ಹತ್ತಿರ ಕೆಲಸಕ್ಕೆಂದು ಬಂದಿದ್ದ ಯಾರೋ ವಿದೇಶಿ ಎಂಜಿನಿಯರ್ ಬಿಟ್ಟುಹೋದದ್ದು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಈಗಿನ ಹುಡುಗರು ಮಸಲ್ ಕಾರ್ ಎಂದು ಕರೆದು ಫೋಟೋ ನೋಡಿಯೇ ಬಾಯಿ ಬಿಡುವ ಜಾತಿ. ಚಿಕ್ಕಪ್ಪನ ಕಣ್ಣಿಗೆ ಬಿದ್ದಾಗ ಅದು ಹುಣಿಸೇಮರದ ಕೆಳಗೆ ಐದು ವರ್ಷದಿಂದ ನಿಂತಿತ್ತು, ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ತನ್ನ ಮೋಟಾರ್ ಸೈಕಲ್ ಕೊಟ್ಟು ಅದನ್ನು ಪಡೆದ. ಬಂಡೆಯ ತಿರುವಿನವರೆಗೆ ಲಾರಿ ಎಳೆಯಿತು, ಅಲ್ಲಿಂದ ನಮ್ಮ ಎತ್ತುಗಳು. "ಓಡೋದ್ನ ಕೊಟ್ಟು ಓಡ್ದೇ ಇರೋದ್ನ ತಂದವ್ನೆ ನೋಡೇ ನನ್ ಮಗ" ಎಂದು ಅಜ್ಜಿ ಅಮ್ಮನಿಗೆ ಹೇಳಿದಳು. ಊರಿನವರು ಅದರ ಉದ್ದ ನೋಡಿ ಕಪ್ಪಲ್ ಎಂದರು, ಹಡಗು ಎಂಬುದಕ್ಕೆ ತಮಿಳಿನ ಮಾತು. ಆಮೇಲೆ ಅದೇ ಹೆಸರು ನಿಂತಿತು.

ಗಾಡಿಯ ಜೊತೆ ಇಲಿ ಕಡಿದ ಒಂದು ದಪ್ಪ ಮ್ಯಾನುಯಲ್ ಬಂದಿತ್ತು. ಚಿಕ್ಕಪ್ಪನಿಗೆ ಮನೆಯಲ್ಲಿ ಕನ್ನಡ, ಫ್ಯಾಕ್ಟರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಇಂಗ್ಲಿಷ್ ಮಾತ್ರ ನಟ್ಟು ಬೋಲ್ಟುಗಳ ಹೆಸರಿನಷ್ಟು. ಹಾಗಾಗಿ ಶನಿವಾರ ಬೆಳಿಗ್ಗೆ ನನ್ನನ್ನು ಕೊಟ್ಟಿಗೆಯ ಕಲ್ಲಿನ ಮೇಲೆ ಕೂರಿಸಿ, "ಓದಮ್ಮ ಕಾನ್ವೆಂಟು" ಅನ್ನುವನು. ಸಿಸ್ಟರ್ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಪ್ರಾಪರ್ ಪ್ರೊನನ್ಸಿಯೇಷನ್‌ನಲ್ಲಿ ನಾನು ಓದುತ್ತಿದ್ದೆ, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. "ಎಲ್ಲಾ ಕಡೆ ಸಮವಾಗಿ ಬಿಗಿ ಮಾಡ್ಬೇಕಂತೆ, ಜಬರ್ದಸ್ತಿ ಮಾಡ್ಬಾರ್ದಂತೆ ಚಿಕ್ಕಪ್ಪ." "ಬರ್ದೋನು ನಮ್ಮವ್ವನ್ನ ನೋಡಿಲ್ಲ ಬಿಡು" ಅಂದ ಅವನು, ಕಾರಿನ ಕೆಳಗಿನಿಂದ. ಆ ಗಾಡಿಗೆ ಬೇಕಾದ ಒಂದು ಸಾಮಾನೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಶಿಫ್ಟ್ ಮುಗಿದ ಮೇಲೆ ಫೋರ್‌ಮನ್ನಿನ ಪರ್ಮಿಷನ್ ಪಡೆದು ಬುಷ್‌ಗಳನ್ನೂ ಪಿನ್ನುಗಳನ್ನೂ ಲೇತಿನ ಮೇಲೆ ತಾನೇ ಕಡೆದ. ರೇಡಿಯೇಟರಿನ ತೂತುಗಳನ್ನು ರಾಯಕೋಟೆ ಸಂತೆಯಲ್ಲಿ ಬಿಂದಿಗೆಗೆ ಬೆಸುಗೆ ಹಾಕುವವನು ಮುಚ್ಚಿಕೊಟ್ಟ. ಬಾಗಿಲ ಸಂದಿಗೆ ಸೈಕಲ್ ಟ್ಯೂಬ್. ಹೀಗೆ ಮೂರು ವರ್ಷ. ಸ್ಕೂಲಿನಲ್ಲಿ ಮೈ ಹಾಬಿ ಎಂಬ ಎಸ್ಸೇ ಬರೆಯಲು ಹೇಳಿದಾಗ ಕ್ಲಾಸಿನವರೆಲ್ಲ ಸ್ಟಾಂಪು, ಕಸೂತಿ ಎಂದು ಬರೆದರು. ನಾನು ಕ್ರ್ಯಾಂಕ್‌ಶಾಫ್ಟ್ ಬಗ್ಗೆ ಎರಡು ಪುಟ ಬರೆದೆ. ಸಿಸ್ಟರ್ ಕೆಂಪು ಇಂಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಪಕ್ಕ ವೆರಿ ಗುಡ್ ಎಂದೂ ಬರೆದಿದ್ದರು.

ಮನೆಯಲ್ಲಿ ಮಾತ್ರ ಗುಡ್ ಅನ್ನುವವರು ಇರಲಿಲ್ಲ. ಹುಳು ಇರುವ ದಿನಗಳಲ್ಲಿ ಚಿಕ್ಕಪ್ಪ ಹೊಸ್ತಿಲು ದಾಟುವಂತಿರಲಿಲ್ಲ. ಸೀಗೆಕಾಯಿ ಹಾಕಿ ಎರಡೆರಡು ಸಲ ಮಿಂದು ಬಂದರೂ ಅಜ್ಜಿ, "ನಿನ್ ಬೆವರಲ್ಲೇ ಪೆಟ್ರೋಲ್ ಐತೆ ಕಣ್ಲಾ" ಎಂದು ಊಟದ ತಟ್ಟೆಯನ್ನು ಜಗಲಿಗೇ ತಂದಿಡುವಳು. ಎಂಜಿನ್ ಶುರು ಮಾಡಬೇಕಾದರೆ ಕಾರನ್ನು ಬಂಡೆಯ ತನಕ ತಳ್ಳಿಕೊಂಡು ಹೋಗಬೇಕು, ಆರಿಸಿ ತಳ್ಳಿಕೊಂಡೇ ಬರಬೇಕು. ಕೊನೆಗೊಮ್ಮೆ ಅದು ತಾನಾಗಿ ಓಡುವಂತಾದಾಗ, ಬಣ್ಣ ಒಂದೇ ಬಾಕಿ ಇದ್ದಾಗ, ಅಜ್ಜಿ ತೀರ್ಪು ಕೊಟ್ಟಳು.

"ಈ ಬೆಳೆ ಮುಗೀಲಿ. ಮುಂದಿನ್ ಸಲ ಇದ್ರ ಎರಡ್ರಷ್ಟು ಮೊಟ್ಟೆ ತರ್ತೀನಿ, ಕೊಟ್ಟಿಗೆ ನಂಗ್ ಬೇಕು. ನಿನ್ ಕಪ್ಪಲ್‌ನ ಗುಜ್ರಿಯವ್ನು ತಕ್ಕೊಂಡೋಗ್ಲಿ."

"ಅವ್ವ, ಬಣ್ಣ ಒಂದ್ ಹೊಡ್ದ್‌ಬುಟ್ರೆ ಆಯ್ತು ಕಣವ್ವ."

"ಹುಳ ಇರೋ ಮನೇಲಿ ಬಣ್ಣ ಹೊಡೀತಾನಂತೆ! ಕೇಳ್ದೇನೇ?" ಎಂದು ಅಜ್ಜಿ ಮತ್ತೆ ಅಮ್ಮನ ಕಡೆಗೆ ತಿರುಗಿದಳು. ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ ಉಪ್ಪುಕಾಗದ ಎತ್ತಿಕೊಂಡ. ಗುಜರಿಗೆ ಹೋಗುವ ಕಾರಿನ ಮೈಯನ್ನು ಅವನು ಇನ್ನೂ ನುಣುಪು ಮಾಡುತ್ತಲೇ ಇದ್ದ. ಆ ವಾರವೆಲ್ಲ ಚಾಪೆಲ್‌ನಲ್ಲಿ ನನ್ನ ಪ್ರೇಯರ್ ಆ ಒಂದು ಕಾರಿಗೇ ಮೀಸಲಾಯಿತು.

ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ನಿಂತು, ಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಮಿತಿಯಿಲ್ಲ. ಆ ದಿನಗಳಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ಹಗುರ, ಒಂದು ದಿನ ತಪ್ಪಿದರೆ ಬೆಳೆಯೇ ಇಲ್ಲ. ಅಂಥ ಒಂದು ಶನಿವಾರ ಬೆಳಿಗ್ಗೆ ಅಪ್ಪ ತಂದ ಸೊಪ್ಪನ್ನು ಅಜ್ಜಿ ಮೂಸಿದಳು, ಇನ್ನೊಮ್ಮೆ ಮೂಸಿದಳು. "ಔಷ್ದಿ" ಅಂದಳು. "ಒಂದೆಲೇನೂ ಹಾಕ್ಬೇಡ್ರಿ." ಹಿಂದಿನ ಸಂಜೆ ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ತೋಟದ ಕಡೆಗಿತ್ತು. ಊರಿನಲ್ಲಿ ಎಲ್ಲರ ಹುಳುವೂ ಅದೇ ಹಸಿವಿನಲ್ಲಿತ್ತು, ಯಾರ ತೋಟದಲ್ಲೂ ಮಿಕ್ಕಿದ್ದಿಲ್ಲ. ಸೊಪ್ಪು ಇದ್ದುದು ಹೊಸೂರಿನ ಆಚೆ ಬೇರಿಕೆಯ ಹತ್ತಿರ, ಅಪ್ಪನ ಅಕ್ಕನ ತೋಟದಲ್ಲಿ. ಅತ್ತೆಯ ಹುಳು ಆಗಲೇ ಗೂಡು ಕಟ್ಟಿಯಾಗಿತ್ತು. "ಎತ್ತಿನ ಗಾಡಿ ಕಟ್ಟಿದ್ರೆ ಬರೋದ್ರಲ್ಲಿ ಕತ್ಲಾಗುತ್ತೆ. ಬಸ್ಸಲ್ಲಿ ಹಾಕ್ಕೊಂಡು ಬಂದ್ರೆ ಬಾಡೋಗುತ್ತೆ" ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತರು.

"ನಾನ್ ಹೋಗ್ಬತ್ತೀನಿ" ಎಂದ ಚಿಕ್ಕಪ್ಪ, ಅಂಗಳದ ಆಚೆಯಿಂದ.

ಅಜ್ಜಿ ತಟ್ಟೆಯಿಂದ ಕಣ್ಣು ತೆಗೆಯದೆ, "ಹೋಗು" ಅಂದಳು.

ಅಪ್ಪನೂ ಅವನೂ ಹೋದರು, ಹತ್ತು ಗಂಟೆಯೊಳಗೆ ಬಂದೂ ಬಂದರು. ಕೆಮ್ಮಣ್ಣಿನ ಬಣ್ಣದ ಪ್ರೈಮರ್ ಬಳಿದ ಗಾಡಿ ಬಂಡೆಯ ಹತ್ತಿರ ನಿಂತಿತು. ಸೀಟಿಲ್ಲದ ಹಿಂಭಾಗದಲ್ಲಿ ಹೊರೆ, ಡಿಕ್ಕಿಯಲ್ಲಿ ಹೊರೆ, ಮುಚ್ಚಲಾಗದೆ ಹಗ್ಗದಿಂದ ಕಟ್ಟಿದ ಡಿಕ್ಕಿಯ ಬಾಗಿಲು. ಎಲೆ ಈಗ ತಾನೇ ಕೊಯ್ದಷ್ಟು ತಾಜಾ. ಅಜ್ಜಿ ಜಗಲಿಗೆ ಬಂದು, ಅಪ್ಪ ಹೊತ್ತು ತಂದ ಒಂದು ಹೊರೆಯ ನಡುವಿನಿಂದ ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದಳು. "ದನಕ್ಕೆ ಹಾಕಿ."

"ನಾನ್ ಮುಟ್ಟೇ ಇಲ್ಲ ಕಣವ್ವ, ಅಣ್ಣನೇ ತುಂಬಿದ್ದು."

"ನೀನ್ ಮುಟ್ಟಿಲ್ಲ ಕಣ್ಲಾ. ನಿನ್ ಗಾಡಿ ಮುಟ್ಟೈತೆ."

ಒಳಗೆ ಹುಳುಗಳು ಬರಿಯ ದಂಟುಗಳ ಮೇಲೆ ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಅಷ್ಟು ಸಾವಿರ ಬಾಯಿ ಇದ್ದ ಮನೆಯಲ್ಲಿ ಸದ್ದೇ ಇರಲಿಲ್ಲ. ಆಗ ನನಗೆ ಮ್ಯಾನುಯಲಿನ ಒಂದು ಪುಟ ನೆನಪಾಯಿತು. ಡಿಕ್ಕಿಯ ಬಾಗಿಲು ತೆರೆದು ಗಾಡಿ ಓಡಿಸಬಾರದು, ಹಾಗೆ ಓಡಿಸಿದರೆ ಹೊಗೆಯನ್ನು ಗಾಡಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ ಎಂದಿತ್ತು. ಅದನ್ನು ಓದಿದ ದಿನ, ಯಾವ ಹುಚ್ಚ ಡಿಕ್ಕಿ ತೆಗೆದು ಓಡಿಸ್ತಾನೆ ಎಂದು ಇಬ್ಬರೂ ನಕ್ಕಿದ್ದೆವು. ಹೇಳಿದೆ. ಚಿಕ್ಕಪ್ಪ ನನ್ನ ಮುಖವನ್ನೇ ನೋಡಿದ. "ಇದ್ನ ಬೆಳಿಗ್ಗೇನೇ ಹೇಳ್ಬಾರ್ದಾಗಿತ್ತಾ ಕಾನ್ವೆಂಟು?" ಅಂದವನು, ಆಗಲೇ ಬಿದಿರು ಹುಡುಕುತ್ತಿದ್ದ.

ಎರಡನೇ ಸಲ ನಾನೂ ಹೋದೆ, ಬರಿಯ ನೀರಲ್ಲಿ ಮಿಂದು, ಎಣ್ಣೆಯಿಲ್ಲದ ಒದ್ದೆ ಜಡೆಯಲ್ಲಿ. ಡಿಕ್ಕಿಗೆ ಬೀಗ. ಕಾರಿನ ನೆತ್ತಿಯ ಮೇಲೆ ಎರಡು ಬಿದಿರು ಕಟ್ಟಿ, ಅದರ ಮೇಲೆ ಹೊರೆಗಳು, ಹೊರೆಗಳ ಮೇಲೆ ಒದ್ದೆ ಗೋಣಿ. ಸೊಪ್ಪು ತುಂಬಿದ್ದು ನಾನು ಮತ್ತು ಅತ್ತೆ. ಅತ್ತೆ ತಮ್ಮನನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ, "ಅಲ್ಲೇ ನಿಂತ್ಕೋ ಪೆಟ್ರೋಲ್ ರಾಜ, ಹತ್ರ ಬಂದ್ಯೋ ನೋಡು" ಎಂದು ಕುಡುಗೋಲು ತೋರಿಸುತ್ತಿದ್ದಳು. ಬರುವಾಗ ದಾರಿಯಲ್ಲಿ ಒಂದು ಪಂಪ್‌ಸೆಟ್ಟಿನ ಹತ್ತಿರ ನಿಲ್ಲಿಸಿ ಗೋಣಿಗೆ ಮತ್ತೆ ನೀರು ಹೊಡೆದೆವು. ಆಮೇಲೆ ಅವನು ಆ ಎಂಜಿನ್ನಿಗೆ ಅದು ಮೂರು ವರ್ಷದಿಂದ ಕೇಳುತ್ತಿದ್ದ ರಸ್ತೆಯನ್ನು ಕೊಟ್ಟ. ಆ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ತಟ್ಟುತ್ತಿತ್ತು. ಎದುರಿಗೆ ಬಂದ ಗಾಡಿಗಳು ತಾವಾಗಿ ಪಕ್ಕಕ್ಕೆ ಸರಿದವು, ಹೊಸೂರಿನ ಬೀದಿಯಲ್ಲಿ ಜನ ಅಂಗಡಿಯಿಂದ ಇಳಿದು ಬಂದು ನೋಡಿದರು. ನೆತ್ತಿಯ ಮೇಲೆ ಹಸಿರು ಹೊತ್ತು, ಗೋಣಿಯಿಂದ ನೀರು ತೊಟ್ಟಿಕ್ಕಿಸುತ್ತ, ನಾವು ಹೋದೆವು. ಮುಂದೆ ನಾನು ವಿಮಾನದಲ್ಲೂ ಕೂತಿದ್ದೇನೆ. ಇಟ್ ವಾಸ್ ನಾಟ್ ದಿ ಸೇಮ್.

ಬಂಡೆಯಿಂದ ಮನೆಗೆ ಹೊರೆಗಳು ಹೆಂಗಸರ ತಲೆಯ ಮೇಲೆ ಬಂದವು. ಅಜ್ಜಿ ಮೂಸಿದಳು, ಬಹಳ ಹೊತ್ತು. ಒಂದೇ ಒಂದು ತಟ್ಟೆಗೆ ಸೊಪ್ಪು ಹಾಕಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹುಳುಗಳು ತಲೆ ಆಡಿಸುತ್ತಲೇ ಇದ್ದವು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಒಂದು ಹುಳು ತಲೆ ತಗ್ಗಿಸಿತು. ಅದರ ಪಕ್ಕದ್ದು. ಅಜ್ಜಿ ಕಣ್ಣು ಮುಚ್ಚಿ ತಟ್ಟೆಗೆ ಕಿವಿ ಕೊಟ್ಟಳು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ತಟ್ಟೆಯ ತುಂಬ ಚರಚರ ಎದ್ದಿತು. ಅಜ್ಜಿ ಎದ್ದು, ನಮ್ಮಿಬ್ಬರನ್ನೂ ದಾಟಿ, ಅಂಗಳದ ಅಂಚಿಗೆ ಹೋಗಿ ಬಂಡೆಯ ಕಡೆಗೆ ಕೂಗಿದಳು:

"ಇನ್ನೊಂದ್ಸಲ ಹೋಗ್ಬುಟ್ಟು ಬಾರ್ಲಾ!"

ಚಿಕ್ಕಪ್ಪ ಕುಣಿಯಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ, ಅಷ್ಟೇ. ಮೂರು ದಿನ ಅವನು ಫ್ಯಾಕ್ಟರಿಗೆ ಹೋಗಲಿಲ್ಲ, ದಿನಕ್ಕೆ ಎರಡು ಸಲ ಬೇರಿಕೆಗೆ ಹೋಗಿ ಬಂದ. ಆ ಬೆಳೆಯ ಗೂಡು ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗಿತ್ತು. ಗುಜರಿಯವನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಗೂಡು ಬಿಡಿಸಿ ಮುಗಿದ ದಿನ ಅಜ್ಜಿ ಮೊದಲ ಬಾರಿಗೆ ಕೊಟ್ಟಿಗೆಗೆ ಬಂದಳು, ನುಣುಪಾದ ಮೈಯ ಮೇಲೆ ಅಂಗೈ ಸವರಿದಳು. "ಬಣ್ಣ ಹೊಡ್ಕೋ. ಮೊಟ್ಟೆ ಹದ್ನೈದು ದಿನ ತಡ್ದು ತರ್ತೀನಿ, ಅಷ್ಟ್ರಲ್ಲಿ ವಾಸ್ನೆ ಹೋಗ್ಬೇಕು" ಅಂದಳು. ಮಳೆ ಬಂದರೂ, ಮನೆಯಲ್ಲಿ ಮದುವೆಯೇ ಇದ್ದರೂ ಮೊಟ್ಟೆ ತರುವ ದಿನವನ್ನು ಮುಂದಕ್ಕೆ ಹಾಕದವಳು ಅವಳು. ಅಪ್ಪ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಅವಳನ್ನೇ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚಿಕ್ಕಪ್ಪ ಹೊಡೆದದ್ದು ಮಾಗಿದ ಹಿಪ್ಪುನೇರಳೆ ಹಣ್ಣಿನ ಬಣ್ಣ. ನೆರಳಲ್ಲಿ ಕಪ್ಪು, ಬಿಸಿಲಿಗೆ ಬಂದರೆ ನೇರಳೆ.

ಆ ಮನೆ ಈಗಿಲ್ಲ. ತೋಟ ಸೈಟುಗಳಾಗಿದೆ, ರಸ್ತೆ ಅಗಲವಾದಾಗ ಬಂಡೆಯನ್ನೂ ಒಡೆದರು. ಚಿಕ್ಕಪ್ಪ ಹೋದ ಮೇಲೆ, ಹಳೆಯ ಕಾರುಗಳನ್ನು ಕೂಡಿಡುವ ಬೆಂಗಳೂರಿನವರೊಬ್ಬರು ಕಪ್ಪಲನ್ನು ಒಯ್ದರು. ಒಳಗಿನ ಬುಷ್‌ಗಳನ್ನು ನೋಡಿ, ಇವನ್ನು ಯಾವ ದೇಶದಿಂದ ತರಿಸಿದ್ದು ಎಂದು ಕೇಳಿದರಂತೆ. ಕೇಳಿ ನನಗೆ ಅಳುವೂ ಬಂತು, ಕತ್ತೂ ಸ್ವಲ್ಪ ನೆಟ್ಟಗಾಯಿತು.

ಅಜ್ಜಿಯನ್ನು ನಾನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ನಡುವೆ ಒಂದು ಸೋಮವಾರ ಬೆಳಿಗ್ಗೆ. ನಾನಾಗ ಕೃಷ್ಣಗಿರಿಯಲ್ಲಿ ಟೀಚರ್. ರಜೆ ಮುಗಿಸಿ ಹೊರಟು ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನಮ್ಮ ಕಾರು ಹೊಸೂರಿನ ಗೂಡಿನ ಮಾರ್ಕೆಟ್ಟಿಗೆ ಹೊರಟು ನನ್ನ ಮುಂದೆಯೇ ಹಾದುಹೋಯಿತು. ಅಮೆರಿಕನ್ ಗಾಡಿ ತಾನೇ, ಸ್ಟೀರಿಂಗ್ ಎಡಗಡೆ. ಚಿಕ್ಕಪ್ಪ ಆ ಕಡೆ ಮರೆಯಾಗಿದ್ದ. ನಮ್ಮ ರಸ್ತೆಗಳಲ್ಲಿ ಡ್ರೈವರ್ ಕೂರುವ ಬಲಗಡೆಯಲ್ಲಿ, ತೆರೆದ ಕಿಟಕಿಗೆ ಮೊಣಕೈ ಕೊಟ್ಟು, ಮಡಿ ಮಾಡಿದ ಬಿಳಿ ಸೀರೆಯಲ್ಲಿ ಅಜ್ಜಿ ಕೂತಿದ್ದಳು. ಹಿಂದೆ ಗೂಡಿನ ಚೀಲಗಳು. ನಾನು ಕೈಬೀಸಿದೆ. ಅವಳು ನೋಡಲಿಲ್ಲ, ರಸ್ತೆಯಿಂದ ಕಣ್ಣು ತೆಗೆಯಬಾರದು ಎನ್ನುವ ಹಾಗೆ ನೇರ ಮುಂದಕ್ಕೇ ನೋಡುತ್ತಿದ್ದಳು. ನಾನು ಮತ್ತೆ ಊರಿಗೆ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವನೊಬ್ಬ ಬೀಡಿಯನ್ನು ಬಾಯಿಂದ ತೆಗೆದು, "ಅಲ್ನೋಡಿ ಮೇಡಂ, ಮುದ್ಕಮ್ಮ ಹೆಂಗ್ ಓಡಿಸ್ಕೊಂಡ್ ಹೋಯ್ತಾವ್ಳೆ ಅಷ್ಟ್ ದೊಡ್ಡ್ ಗಾಡೀನ!" ಎಂದ.

"ಹೂಂ" ಎಂದೆ, "ನಮ್ಮಜ್ಜಿ."