ನೀರಿನ ಅಡಿ, ನನ್ನ ಎರಡು ಸಾವಿರ ಅಡಿ

ಬೆಂಗಳೂರಿನ ಮಾರೇನಹಳ್ಳಿಯಿಂದ ಉಲ್ಲಾಳದವರೆಗೆ ಹಬ್ಬಿರುವ ಸಮಸ್ತ ಸಂಪು, ಟ್ಯಾಂಕು, ಬೋರ್‌ವೆಲ್‌ಗಳ ಒಡೆಯರೇ, ಕಾವೇರಿ ನೀರು ಬಿಡುವ ದಿನಕ್ಕಾಗಿ ತಪಸ್ಸು ಮಾಡುವ ಮಹಾಜನಗಳೇ... ತಮ್ಮೆಲ್ಲರ ಪಾದಾರವಿಂದಗಳಿಗೆ ವಂದಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಕಳೆದ ತಿಂಗಳು ನಮ್ಮ ಮನೆಯ ಸಂಪಿನಲ್ಲಿ ಹನ್ನೊಂದು ಮೀನು ಪತ್ತೆಯಾದವು.

ಪತ್ತೆ ಮಾಡಿದ್ದು ನಾನೇ. ಮೀನು ಹುಡುಕುವ ಯಂತ್ರದಿಂದ.

ವಿಷಯ ಇಷ್ಟು. ನನ್ನ ಅಕ್ಕ ಮದುವೆಯಾಗಿರುವುದು ಹೊನ್ನಾವರದ ಕಡೆಯ ಮೀನುಗಾರರನ್ನು. ಭಾವನದು ಸಣ್ಣ ದೋಣಿ. ಅಳಿವೆಯಲ್ಲಿ, ಅಂದರೆ ಹೊಳೆ ಹೋಗಿ ಸಮುದ್ರ ಸೇರುವ ಕಡೆ, ಅವರ ಓಡಾಟ.

ಅಲ್ಲಿ ನೀರು ಉಪ್ಪು, ಆಳ ಕಡಿಮೆ. ಕೆಳಗಿನ ಮರಳಿನ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ.

ದೋಣಿಯ ಮುಂದೆ ಅವರಪ್ಪ ಕೂತು, ಉದ್ದನೆಯ ಬಿದಿರನ್ನು ಊರಿ ಊರಿ ದಾರಿ ಹೇಳುತ್ತಿದ್ದರು. ಈ ಸಲ ದೋಣಿ ದಿಬ್ಬಕ್ಕೆ ಹೊಡೆಯಿತು. ಅವರು ಬಿದ್ದು ಭುಜ ಮುರಿದುಕೊಂಡರು.

ಹಾಗಾಗಿ ಭಾವನಿಗೊಂದು ಸೋನಾರ್ ಬೇಕಾಯಿತು... ನೀರಿನೊಳಕ್ಕೆ ಶಬ್ದ ಕಳಿಸಿ, ವಾಪಸ್ ಬಂದದ್ದನ್ನು ಪರದೆಯ ಮೇಲೆ ಚಿತ್ರ ಮಾಡಿ ತೋರಿಸುವ ಯಂತ್ರ.

ಫೋನ್ ಬಂದದ್ದು ನನಗೆ. ನಾನು ವಿಜಯನಗರದಲ್ಲಿ ಮೊಬೈಲ್ ರಿಪೇರಿ ಮಾಡುವವನು. ಆದ್ದರಿಂದ ವೈರು ಇರುವ ಸಕಲ ಚರಾಚರ ವಸ್ತುಗಳೂ ನನಗೆ ಗೊತ್ತು ಎಂದು ಅವರ ನಂಬಿಕೆ.

"ಮೀನು ಕಂಡ್ರೆ ಒಳ್ಳೇದು. ಆದ್ರೆ ಅಡಿ ಸಮಾ ಕಾಣ್ಬೇಕು ಮಾರಾಯ, ಅದೇ ಮುಖ್ಯ" ಅಂದರು.

ನಾನು ಹುಟ್ಟಿದ್ದೇ ಮೂವತ್ತು-ನಲವತ್ತರ ಸೈಟಿನಲ್ಲಿ. ಅಡಿ ಅಂದರೆ ನನಗೆ ಒಂದೇ ಅರ್ಥ. ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಅಂದಿನಿಂದ ನಾನು ಸಾಗರತಜ್ಞ. ಹತ್ತು ದಿನ ವಿಡಿಯೊ ನೋಡಿ, ಭಾವನಿಗೆ ವಾಯ್ಸ್ ನೋಟ್‌ಗಳಲ್ಲಿ ಉಪನ್ಯಾಸ ಕೊಟ್ಟೆ. ನಡುವೆ ಅಭ್ಯಾಸಬಲದಿಂದ ಒಂದು ತಮಾಷೆಯನ್ನೂ ಸೇರಿಸಿದೆ: "ಆನ್ ಮಾಡೋ ಮುಂಚೆ ಸೆನ್ಸರ್‌ನ ಪೂರ್ವಕ್ಕೆ ಹಿಡಿದು ಮೂರು ಸುತ್ತು ಸುತ್ತಿಸ್ಬೇಕು ಭಾವ, ಆಗ್ಲೇ ಸೆಟ್ ಆಗೋದು."

"ಹೌದಾ? ಆಯ್ತು" ಅಂದರು ಭಾವ.

ಕೊನೆಗೆ ಆರಿಸಿದ್ದು ಎರಡು ಸಾವಿರ ಅಡಿ ಆಳದವರೆಗೆ ನೋಡುವ ಭರ್ಜರಿ ಮಾಲು. ಪರಿಚಯದ ಅಂಗಡಿಯವರು, ಸರಿಹೋಗದಿದ್ದರೆ ಬದಲಿಸಿಕೊಡುತ್ತೇವೆ ಎಂದಿದ್ದರು. ಟೆಸ್ಟ್ ಮಾಡಲು ಸಮುದ್ರ ಎಲ್ಲಿಂದ ತರಲಿ? ಯುಪಿಎಸ್ ಬ್ಯಾಟರಿ ಹೊರಗೆಳೆದು, ಸಂಪಿನ ಮುಚ್ಚಳ ತೆಗೆದು, ಸೆನ್ಸರ್ ಇಳಿಬಿಟ್ಟೆ.

ಪರದೆಯ ತುಂಬ ಕಲಸುಮೇಲೋಗರ. ಅದರ ನಡುವೆ ಹನ್ನೊಂದು ಮೀನಿನ ಗುರುತು.

ಮಹಡಿ ಮನೆಯ ಬಾಡಿಗೆ ಆಂಟಿ ಬಗ್ಗಿ ನೋಡಿದರು. "ಏನೋ ಅದು ಚೇತು?"

"ಮೀನು ಆಂಟಿ. ಕಾವೇರಿ ನೀರಲ್ಲಿ ಬಂದಿರೋದು."

"ಥೂ! ಅದೇ ನೀರಲ್ಲಿ ಅನ್ನ ಮಾಡಿದೀನಲ್ಲೋ! ಇವತ್ತು ಸೋಮವಾರ ಬೇರೆ!"

ಈ ಐತಿಹಾಸಿಕ ಕ್ಷಣದ ವಿಡಿಯೊ ಭಾವನಿಗೂ ಹೋಯಿತು. ಎರಡೇ ನಿಮಿಷಕ್ಕೆ ಫೋನ್. ಅವರು ನಗುತ್ತಿರಲಿಲ್ಲ.

"ಮೀನು ಇರ್ಲಿ. ಇದ್ರಲ್ಲಿ ಅಡಿ ಎಲ್ಲಿ ಕಾಣ್ತದೆ?"

"ಎರಡು ಸಾವಿರ ಅಡಿ ಇದೆ ಭಾವ!"

"ಎರಡು ಸಾವಿರ ಎಂತಕ್ಕೆ? ನಂಗೆ ಒಂದೇ ಅಡಿ ಸಾಕು. ನೀರಿನ ಅಡಿ. ದೋಣಿಗೆ ತಾಗೋ ಅಡಿ."

ಅಡಿ ಅಂದರೆ ತಳ!

ನಮ್ಮಮ್ಮ ವಾರಕ್ಕೆರಡು ಸಲ ಅನ್ನ ಅಡಿ ಹಿಡಿಸುತ್ತಾಳೆ. ಆದರೂ ನನ್ನ ತಲೆಗೆ ಹೊಳೆದಿರಲಿಲ್ಲ.

ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಭಾವನ ಮುಂದಿನ ಮಾತು. "ಆದ್ರೂ ನೀ ಹೇಳಿದ್ರೆ ಇದೇ ಇರ್ಲಿ. ನಿಂಗೆ ಗೊತ್ತಿರ್ತದೆ."

ಅಕ್ಕ ಫೋನ್ ಇಸಿದುಕೊಂಡಳು. "ನೀನು ಹೇಳಿದ್ದೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡಿದಾರೆ ಕಣೋ. ಪೂರ್ವ, ಮೂರು ಸುತ್ತು, ಎಲ್ಲಾ. ನೀನು ಕೊಡಿಸಿದ್ದನ್ನೇ ನಂಬ್ಕೊಂಡು ಅಳಿವೆ ದಾಟ್ತಾರೆ. ಸರಿಯಾಗಿ ನೋಡಿದೀಯ ತಾನೆ?"

ಸೆನ್ಸರನ್ನು ಸಂಪಿನಿಂದ ಮೇಲೆಳೆದುಕೊಂಡೆ. ನನ್ನ ಗೆಳೆಯರೆಲ್ಲ ನಾನು ಬಾಯಿ ತೆರೆದರೆ ಅರ್ಧ ಕಳೆದು ಕೇಳಿಸಿಕೊಳ್ಳುವವರು. ಕಳೆಯದೆ ಪೂರ್ತಿ ಕೇಳಿಸಿಕೊಂಡ ಮನುಷ್ಯ ಇವರೊಬ್ಬರೇ... ಅದೂ ದೋಣಿ ಮುಳುಗಬಹುದಾದ ಜಾಗದಲ್ಲಿ.

ಮರುದಿನ ಅಂಗಡಿಗೆ ಹೋಗಿ ಮೊದಲ ಬಾರಿಗೆ ನಾಟಕ ಬಿಟ್ಟು ಕೇಳಿದೆ. ಅಣ್ಣ, ನಾಲ್ಕೈದು ಅಡಿ ಉಪ್ಪುನೀರು, ಕೆಳಗೆ ಮರಳು. ಯಾವುದು ಬೇಕು?

ಆಳಕ್ಕೆ ಇಳಿಯುವ ಶಬ್ದಕ್ಕೆ ಹತ್ತಿರದ್ದು ಮಸುಕಂತೆ. ಕಡಿಮೆ ನೀರಿಗೆ ಹೆಚ್ಚು ಫ್ರೀಕ್ವೆನ್ಸಿಯ, ಸಣ್ಣದನ್ನೂ ಬಿಡಿಸಿ ತೋರಿಸುವಂಥದ್ದು ಬೇಕು. ಅಷ್ಟು ಕಡಿಮೆ ನೀರಲ್ಲಿ ದೋಣಿಯ ಕೆಳಗೆ ಕಾಣುವುದು ಊಟದ ತಟ್ಟೆಯಷ್ಟು ಅಗಲ ಮಾತ್ರ. ಆದ್ದರಿಂದ ಎಡಬಲಕ್ಕೂ ನೋಡಬೇಕು. ಬಿಸಿಲಲ್ಲಿ ಪರದೆ ಕಾಣಬೇಕು, ಪಿನ್ನುಗಳಿಗೆ ಉಪ್ಪು ಹತ್ತಬಾರದು. ಎರಡು ಸಾವಿರದ ಸುದ್ದಿಯೇ ಇಲ್ಲ.

ಬದಲಿಸಿ ತಂದದ್ದನ್ನು ಮತ್ತೆ ಸಂಪಿಗೆ ಇಳಿಸಿದೆ. ಮೀನು ಒಂದೂ ಇಲ್ಲ. ತಳ ಮಾತ್ರ ಗೆರೆ ಎಳೆದ ಹಾಗೆ. ಮೂಲೆಯಲ್ಲೊಂದು ಗಡ್ಡೆ... ಕೊಕ್ಕೆ ಹಾಕಿ ಎತ್ತಿದರೆ ಅಮ್ಮನ ಹಿತ್ತಾಳೆ ತಂಬಿಗೆ!

"ಅಯ್ಯೋ, ಯಾರ್ಯಾರ ಮೇಲೋ ಅನುಮಾನ ಪಟ್ಟಿದ್ನಲ್ಲೋ" ಎಂದು ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಯಂತ್ರ ಬಸ್ಸು ಹತ್ತಿತು. ಮೊದಲ ದಿನ ಭಾವನ ಅಪ್ಪ ಹಟ ಮಾಡಿ, ಬಲಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡೇ ದೋಣಿ ಹತ್ತಿದರಂತೆ. ಎಡಗೈಯಲ್ಲಿ ಬಿದಿರು ಊರುವುದು, ಪರದೆ ನೋಡುವುದು. ಅಳಿವೆ ದಾಟುವವರೆಗೂ ಇದೇ ಪರೀಕ್ಷೆ.

ದಾಟಿದ ಮೇಲೆ ಬಿದಿರನ್ನು ದೋಣಿಯೊಳಗೆ ಮಲಗಿಸಿ ಹೇಳಿದರಂತೆ: "ಸುಳ್ಳು ಹೇಳೂದಿಲ್ಲ ಇದು."

ಅಂಥದ್ದೊಂದು ಸರ್ಟಿಫಿಕೇಟನ್ನು ನನಗೆ ಈವರೆಗೆ ಯಾರೂ ಕೊಟ್ಟಿಲ್ಲ. ನಂಬಿದವರ ಹತ್ತಿರ ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಅವತ್ತೇ ತೀರ್ಮಾನಿಸಿದೆ. ಆ ಮೂರು ಸುತ್ತು ಬರೀ ತಮಾಷೆ ಎಂಬುದನ್ನೂ ಸೇರಿಸಿ. ಅದಕ್ಕೇ ಇಷ್ಟೆಲ್ಲ ಬಿಚ್ಚಿಟ್ಟು ಬರೆದೆ.

ಈ ಪೋಸ್ಟ್ ಭಾವನಿಗೆ ಮಾತ್ರ ಕಾಣದ ಹಾಗೆ ಸೆಟ್ಟಿಂಗ್ಸ್ ಬದಲಿಸಿದ್ದೇನೆ. ದಯವಿಟ್ಟು ಯಾರೂ ಶೇರ್ ಮಾಡಬೇಡಿ.